ಗುಡ್ಡ ಸವರಿಸುವ ಮೊದಲು

ಚಿ. ಸುಮಂತನಿಗೆ ದೊಡ್ಡಮ್ಮನ ಆಶೀರ್ವಾದಗಳು.

ತೋಟದ ಮೇಲಿನ ಹುಲ್ಲುಗುಡ್ಡ ಸವರಿಸಿ ಟೆಂಟ್ ಹಾಕಿಸುತ್ತೀಯಂತೆ, ನಿನ್ನಮ್ಮ ಫೋನಿನಲ್ಲಿ ಹೇಳಿದಳು. ‘ಅಲ್ಲೇನಿದೆ, ಬರೀ ಕುರುಚಲು’ ಅಂದೆಯಂತೆ. ಆ ಕುರುಚಲೇ ಗುರಿಗೆ ಕಣೋ. 2022ರಲ್ಲಿ ಚಂದ್ರದ್ರೋಣ ಪರ್ವತ ನೀಲಿಯಾದಾಗ ಬೆಂಗಳೂರಿನ ಗೆಳೆಯರನ್ನೆಲ್ಲ ಕರಕೊಂಡು ಬಂದು ಫೋಟೊ ತೆಗೆಸಿಕೊಂಡೆಯಲ್ಲ, ಅದೇ ನೀಲಕುರಿಂಜಿ. ಹೂವಿಲ್ಲದಾಗ ಗುರುತೇ ಸಿಗಲಿಲ್ಲ ನೋಡು ನಿನಗೆ.

ಆಗ ಅರಳಿದ ಗಿಡಗಳೆಲ್ಲ ಸತ್ತವು. ಗುರಿಗೆ ಬಾಳೆಯ ಹಾಗೆ, ಒಂದೇ ಸಲ ಫಲ. ಬಾಳೆಗಾದರೆ ಬುಡದಲ್ಲಿ ಕಂದು ಇರುತ್ತೆ, ಇದಕ್ಕೆ ಅದೂ ಇಲ್ಲ. ಕಾಯಿ ಒಣಗಿ ಸಿಡಿದು ಬೀಜ ಸುತ್ತ ಬೀಳಬೇಕು, ಮಳೆಗೆ ಮೊಳೆಯಬೇಕು, ಆಮೇಲೆ ಹನ್ನೆರಡು ವರ್ಷ ಬರೀ ಸೊಪ್ಪು. (ಗುರಿಗೆಯಲ್ಲಿ ಜಾತಿ ಹಲವು, ಏಳು ವರ್ಷಕ್ಕೇ ಅರಳುವುದೂ ಉಂಟು.) ಈಗ ನಿನ್ನ ಕಾಲಿಗೆ ತೊಡರುವುದು ಆ ಮರಿಗಳೇ. ಹೂ ಬಿಡುವ ಮೊದಲೇ ಸವರಿದರೆ ಬೀಜ ಎಲ್ಲಿಂದ ಬರಬೇಕು?

ನಾನೇನು ಸಾಚಾ ಅಲ್ಲ. ಹುಡುಗಿಯಾಗಿದ್ದಾಗ ಮಡಿಲು ತುಂಬ ಕಿತ್ತು ತಂದಿದ್ದೆ. ಸಂಜೆಯೊಳಗೆ ಬಾಡಿ ಗೊಬ್ಬರದ ಗುಂಡಿ ಸೇರಿತು. ಈಗ ಕೀಳುವುದೇ ಅಪರಾಧ. ವನ್ಯಜೀವಿ ಕಾಯ್ದೆಯಲ್ಲಿ ಇದರ ಹೆಸರಿದೆ, 2024ರಲ್ಲಿ ಅಪಾಯದಲ್ಲಿರುವ ಗಿಡಗಳ ಕೆಂಪುಪಟ್ಟಿಗೂ ಸೇರಿತು. ನೀಲಗಿರಿ, ಮುನ್ನಾರ್ ಕಡೆ ಟೀ ತೋಟ, ನೀಲಗಿರಿ ಮರ, ಅಕೇಶಿಯಾ ನುಂಗಿದ ಹುಲ್ಲುಗಾವಲು ಎಷ್ಟೋ. ನಮ್ಮಲ್ಲಿ ಉಳಿದದ್ದನ್ನು ಜೀಪು ನುಂಗುತ್ತಿದೆ.

ನೀರಿನ ಮಾತೂ ಇದೆ. ಮಳೆಯನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವುದು ಆ ಹುಲ್ಲು ಮತ್ತು ಕಣಿವೆಯ ಶೋಲಾ, ಅಂದರೆ ಗಿಡ್ಡ ಮರಗಳ ದಟ್ಟ ಕಾಡು. ಬಯಲುಸೀಮೆಗೆ ಹೋಗುವ ವೇದಾವತಿ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಟೈರು ಓಡಿದಲ್ಲಿ ಮಣ್ಣು ಕೊರಕಲಾಗಿ ನಿನ್ನ ಕಾಫಿಯ ಮೇಲೇ ಇಳಿಯುತ್ತೆ.

ದುಡಿಯಬೇಡ ಅನ್ನುವುದಿಲ್ಲ. ಬ್ಯಾಂಕಿನ ಕಂತು ನನಗೂ ಗೊತ್ತು. ಟೆಂಟ್ ಕಾಫಿ ಕಣದಲ್ಲಿ ಹಾಕು, ಕೊಯ್ಲಿನ ಕಾಲ ಬಿಟ್ಟರೆ ಅದು ಖಾಲಿಯೇ. ಜೀಪು ಗೇಟಿನಲ್ಲಿ ನಿಲ್ಲಲಿ. ಮೇಲೆ ಹೋಗುವವರು ಹಳೇ ದನದ ಹಾದಿ ಬಿಟ್ಟು ಇಳಿಯದಿರಲಿ. ಗುರಿಗೆ ಅರಳಿದ ವರ್ಷ ತುಡುವೆ ಜೇನಿಗೆ ಎಂಥ ಸುಗ್ಗಿ ಅಂತ ಬಂದವರಿಗೆ ಹೇಳು, ಕೇಳಿಸಿಕೊಳ್ಳುತ್ತಾರೆ.

ಮುಂದಿನ ತಿಂಗಳು ಬರುತ್ತೇನೆ. ಮಂಡಿ ನೋವಿದ್ದರೂ ನಡೆದೇ ಹತ್ತುತ್ತೇನೆ, ಜೀಪು ತರಬೇಡ. ಅಲ್ಲಿಯವರೆಗೆ ಆಳುಗಳ ಕೈಗೆ ಕತ್ತಿ ಕೊಡಬೇಡ.

ನಿನ್ನ ದೊಡ್ಡಮ್ಮ