ಶಾಪವನ್ನು ನಂಬಿದವರು ಒಡವೆ ವಾಪಸ್ ಕೊಟ್ಟರಾ?

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ತಲಕಾಡಿನ ಬಗ್ಗೆ ಬಂದ ಬರಹ ಓದಿದೆ. ಕೊನೆಯ ಪ್ಯಾರಾದವರೆಗೆ ಚೆನ್ನಾಗಿಯೇ ಇತ್ತು. ಅಲ್ಲಿ ಬರೆದವರು ‘ಶಾಪ ನಂಬಿದವರಿಗೆ ಅದೇ ಸತ್ಯ’ ಎಂದು ಹೇಳಿ ಕೈ ತೊಳೆದುಕೊಂಡಿದ್ದಾರೆ. ಅದಕ್ಕೇ ಈ ಪತ್ರ.

ನಾನು ಆ ಕಡೆಯವನೇ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಅನ್ನೋ ಅಲಮೇಲಮ್ಮನ ಶಾಪವನ್ನು ಮಗ್ಗಿಗಿಂತ ಮೊದಲೇ ಕಲಿತವನು. ಕಲಿಸಿದ್ದು ಅಜ್ಜಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡಿದ್ದು, ಅಲ್ಲಿದ್ದ ವಿಜಯನಗರದ ಪ್ರತಿನಿಧಿ ತಲಕಾಡಿಗೆ ಬಂದು ತೀರಿಕೊಂಡಿದ್ದು, ಇದೆಲ್ಲ ಅಜ್ಜಿಯ ಬಾಯಲ್ಲಿ ಎರಡೇ ಮಾತಲ್ಲಿ ಮುಗಿದುಹೋಗುತ್ತಿತ್ತು. ಆಮೇಲೆ ಶುರುವಾಗುತ್ತಿದ್ದದ್ದು ಮೂಗುತಿಯ ವಿಷಯ. ಮಂಗಳವಾರ, ಶುಕ್ರವಾರ ರಂಗನಾಯಕಿ ಅಮ್ಮನವರಿಗೆ ತನ್ನ ಒಡವೆ ಹಾಕಿ ಪೂಜೆ ಮಾಡಿಸುತ್ತಿದ್ದ ಆ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ, ಗಂಡ ಸತ್ತ ಮೇಲೂ ಮುತ್ತಿನ ಮೂಗುತಿಯನ್ನು ತಾನಾಗಿ ಕೊಟ್ಟು ಕಳಿಸಿದಳಂತೆ, ಆದರೂ ರಾಜ ಒಡೆಯರು ಉಳಿದ ಒಡವೆಗೆ ಸೈನಿಕರನ್ನು ಅಟ್ಟಿದರಂತೆ, ಅವಳು ಒಡವೆ ಗಂಟು ಕಟ್ಟಿಕೊಂಡು, ಶಾಪ ಹಾಕಿ ಕಾವೇರಿಗೆ ಹಾರಿದಳಂತೆ. ‘ಮುಂಡೇವು, ಗಂಡ ಸತ್ತ ಹೆಂಗಸಿನ ಒಡವೆಗೆ ಕೈ ಹಾಕಿದ್ವಲ್ಲ’ ಎಂದು ಅಜ್ಜಿ ನಿನ್ನೆ ನಡೆದದ್ದರ ಹಾಗೆ ಬೈಯುತ್ತಿದ್ದರು. ದೊರೆ ಅಂತ ಮುಲಾಜೇ ಇಲ್ಲ.

ತಲಕಾಡನ್ನು ಮುಚ್ಚಿದ ಮರಳು ಎಲ್ಲಿಂದ ಬಂತು ಅಂತ ಹೇಳಿದ್ದು ಮೇಷ್ಟ್ರು. ತಲಕಾಡಿನ ಹತ್ತಿರ ಕಾವೇರಿ ದೊಡ್ಡದಾಗಿ ತಿರುಗುತ್ತದೆ. ಅದಕ್ಕೂ ಮೇಲುಗಡೆ ಮಾಧವಮಂತ್ರಿ ಕಟ್ಟೆ ಇದೆ, 14ನೇ ಶತಮಾನದ್ದು, ಅಂದರೆ ಶಾಪಕ್ಕಿಂತ ಇನ್ನೂರಕ್ಕೂ ಹೆಚ್ಚು ವರ್ಷ ಹಿಂದಿನದು. ಕಟ್ಟೆ ಕಟ್ಟಿದ ಮೇಲೆ ಕೆಳಗೆ ನೀರು ಕಮ್ಮಿಯಾಗಿ ಹೊಳೆಯ ಮರಳು ಬಯಲಾಯಿತು, ಮುಂಗಾರಿನ ನೈರುತ್ಯ ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು ಅನ್ನೋದು ವಿಜ್ಞಾನಿಗಳ ವಿವರಣೆ. ನನಗೆ ಇದರಲ್ಲಿ ಅನುಮಾನ ಬರುವಂಥದ್ದು ಏನೂ ಕಾಣಲಿಲ್ಲ.

ಇನ್ನು ಮಕ್ಕಳ ವಿಷಯ. ನಾಲ್ವಡಿಯವರು 1884ರಲ್ಲಿ ಹುಟ್ಟಿದ್ದು ಆಗ ದೊರೆಯಾಗಿದ್ದ ಚಾಮರಾಜೇಂದ್ರ ಒಡೆಯರ ಸ್ವಂತ ಮಗನಾಗಿ. ಶ್ರೀಕಂಠದತ್ತರು 1953ರಲ್ಲಿ ಹುಟ್ಟಿದ್ದು ಜಯಚಾಮರಾಜರ ಸ್ವಂತ ಮಗನಾಗಿ. ಇದನ್ನು ಹೇಳಿದರೆ ‘ಒಂದು ತಲೆಮಾರು ಬಿಟ್ಟು ಒಂದು ತಲೆಮಾರು ಸಾರ್’ ಅಂತಾರೆ. ಅಲಮೇಲಮ್ಮ ಹಾಗೆ ಲೆಕ್ಕ ಹಾಕಿ ಶಾಪ ಕೊಟ್ಟಿದ್ದನ್ನು ನಾನಂತೂ ಅಜ್ಜಿಯ ಬಾಯಲ್ಲಿ ಕೇಳಿಲ್ಲ. 2017ರಲ್ಲಿ ಯದುವೀರರಿಗೆ ಮಗ ಹುಟ್ಟಿದಾಗ 400 ವರ್ಷದ ಶಾಪ ಕಳೆಯಿತು ಅಂತ ಸುದ್ದಿಯೋ ಸುದ್ದಿ. ಹೇಗೆ ಕಳೆಯಿತು? ಒಡವೆ ವಾಪಸ್ ಕೊಟ್ಟರಾ?

ತಮಾಷೆಗೆ ಹೇಳುತ್ತಿಲ್ಲ. ನಮ್ಮ ಚಿಕ್ಕಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಹಿಂದೆ ಒಬ್ಬ ವಿಧವೆಯ ಜಮೀನು ಕಿತ್ತುಕೊಂಡಿದ್ದರಂತೆ, ಅವಳು ಬಾಗಿಲಿಗೆ ಮಣ್ಣು ತೂರಿ ಹೋಗಿದ್ದಳಂತೆ. ಅದನ್ನು ಮನೆಯವರೆಲ್ಲ ನಿಜ ಅಂತ ನಂಬಿದ್ದರು. ನಂಬಿ ಮಾಡಿದ್ದೇನು? ಚಿಕ್ಕಮ್ಮನಿಗೆ ಉಪವಾಸ, ಹರಕೆ, ಉರುಳುಸೇವೆ. ನಾಮಕರಣಕ್ಕೆ ಕರೆದರೂ ಹೋಗೋ ಹಾಗಿಲ್ಲ. ಕೊನೆಗೆ ಅವರ ಅಣ್ಣನೇ ಗಲಾಟೆ ಮಾಡಿ ಇಬ್ಬರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಗೊತ್ತಾಯಿತು, ತೊಂದರೆ ಇದ್ದದ್ದು ಚಿಕ್ಕಪ್ಪನಿಗೆ. ಚಿಕಿತ್ಸೆ ಆಯಿತು, ಮಗಳು ಹುಟ್ಟಿದಳು. ಇಷ್ಟೆಲ್ಲ ಆದರೂ ಆ ವಿಧವೆಯ ಮನೆಯವರಿಗೆ ಒಂದು ಗುಂಟೆ ಜಮೀನನ್ನೂ ಯಾರೂ ಬಿಟ್ಟುಕೊಡಲಿಲ್ಲ. ಶಾಪದ ಮಾತು ಅಷ್ಟು ವರ್ಷ ಆಡಿದರಲ್ಲ, ಜಮೀನಿನ ಮಾತನ್ನು ಒಬ್ಬರೂ ಎತ್ತಲಿಲ್ಲ!

ಬರೆದವರ ‘ಅದೇ ಸತ್ಯ’ದ ಬಗ್ಗೆ ನನ್ನ ತಕರಾರು ಇಷ್ಟೇ. ಶಾಪದ ಕಥೆಗೆ ಅರ್ಥ ಇಲ್ಲ ಅನ್ನುತ್ತಿಲ್ಲ, ಜಾಸ್ತೀನೇ ಇದೆ. ಗೆದ್ದವರು ಬರೆಸಿದ ಚರಿತ್ರೆಯಲ್ಲಿ ಅಲಮೇಲಮ್ಮನ ದೂರಿಗೆ ಎಲ್ಲಿ ಜಾಗ? ಅದು ಹೆಂಗಸರ ಬಾಯಲ್ಲಿ ಉಳಿದುಕೊಂಡು ಬಂತು. ಅವಳು ನಿಜಕ್ಕೂ ಹೊಳೆಗೆ ಹಾರಿದಳೋ ಇಲ್ಲವೋ, ಇವತ್ತು ಸಾಬೀತು ಮಾಡೋದು ಕಷ್ಟ. ಆದರೆ ಅರಮನೆಯವರೇ ಅವಳ ಮೂರ್ತಿ ಇಟ್ಟು ಪೂಜೆ ಮಾಡಿಕೊಂಡು ಬಂದಿದ್ದಾರೆ. ಅಷ್ಟು ದಿನ ಒಂದು ಅಳುಕು ಉಳಿದಿದೆ ಅಂದರೆ ಸಣ್ಣ ವಿಷಯ ಅಲ್ಲ. ಆದರೆ ಅಳುಕು ನಿಜ ಅಂದ ಮಾತ್ರಕ್ಕೆ ಶಾಪದಿಂದಲೇ ಮರಳು ಬಂತು ಅಂತ ಆಗೋದಿಲ್ಲ ಅಲ್ವಾ? ಶಾಪವನ್ನೇ ಕಾರಣ ಮಾಡಿಬಿಟ್ಟರೆ ಕಟ್ಟೆಯನ್ನೂ ನೋಡಬೇಕಿಲ್ಲ, ಒಡವೆಯ ಲೆಕ್ಕವನ್ನೂ ಕೇಳಬೇಕಿಲ್ಲ. ಒಂದು ಶಾಂತಿ ಪೂಜೆ ಮಾಡಿಸಿದರೆ ಮುಗೀತು.

2009, 2013, 2020, ಹೀಗೆ ಪಂಚಲಿಂಗ ದರ್ಶನ (ತಲಕಾಡು ಸುತ್ತಿನ ಐದು ಶಿವಾಲಯಗಳ ಉತ್ಸವ) ಬಂದಾಗಲೆಲ್ಲ ತಲಕಾಡಿನ ಬಗ್ಗೆ ಪುಟಗಟ್ಟಲೆ ಬರುತ್ತದೆ. ಮುಂದಿನ ಸಲ ಮಾಧವಮಂತ್ರಿ ಕಟ್ಟೆಯದೂ ಒಂದು ಫೋಟೋ ಹಾಕಿ. ಮೂಗುತಿ ವಿಷಯವನ್ನೂ ಬಿಡಬೇಡಿ. ಭಾನುವಾರದ ಬರಹದಲ್ಲಿ ಶಾಪ ಮೂರು ಸಲ ಬಂತು, ಮೂಗುತಿ ಒಂದು ಸಲವೂ ಬರಲಿಲ್ಲ.

ಇಂತಿ,
ಒಬ್ಬ ಓದುಗ, ತಿ. ನರಸೀಪುರ