ದತ್ತು ಪಡೆದ ನಾಯಿಗೆ ಮೂರು ತಿಂಗಳಾದರೂ ಕಾಲಾವಕಾಶ ಕೊಡಿ

ಮಾನ್ಯ ಸಂಪಾದಕರೇ,

ಬೀದಿನಾಯಿಗಳ ಕುರಿತು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರಂದು ನೀಡಿದ ಆದೇಶ ಬಂದಾಗ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ, ಆಹಾರ ಹಾಕುವ ಸ್ಥಳ ಇವುಗಳ ಬಗ್ಗೆ ಎಲ್ಲೆಡೆ ಚರ್ಚೆಯಾಯಿತು. ಅದೇ ಆದೇಶದ ಇನ್ನೊಂದು ಅಂಶ ಅಷ್ಟಾಗಿ ಗಮನ ಸೆಳೆಯಲಿಲ್ಲ. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ಬೀದಿನಾಯಿಯನ್ನು ದತ್ತು ಪಡೆಯಬಹುದು, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದು ನ್ಯಾಯಾಲಯ ಹೇಳಿದೆ. ಈ ಹೊಣೆಯ ಕುರಿತು ವಿಜಯಪುರದ ನಿವಾಸಿಯಾಗಿ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ವಾಹನಕ್ಕೆ ಸಿಕ್ಕು ಕಾಲು ಮುರಿದುಕೊಂಡ, ಗಾಯದಲ್ಲಿ ಹುಳು ಬಿದ್ದ ನಾಯಿಗಳನ್ನು ಎತ್ತಿ ತಂದು, ಸ್ವಂತ ಹಣದಲ್ಲಿ ಚಿಕಿತ್ಸೆ ಕೊಡಿಸಿ, ಅವುಗಳಿಗೊಂದು ಮನೆ ಹುಡುಕಿಕೊಡುವ ತರುಣ ತರುಣಿಯರು ನಮ್ಮ ಊರಿನಲ್ಲಿದ್ದಾರೆ. ಅವರ ಶ್ರಮಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಆದರೆ ಹಾಗೆ ಮನೆ ಸೇರಿದ ನಾಯಿಗಳಲ್ಲಿ ಕೆಲವು ವಾರ ಹದಿನೈದು ದಿನಗಳಲ್ಲೇ ಹಿಂದಿರುಗುತ್ತವೆ. ಅನ್ನ ಮುಟ್ಟುವುದಿಲ್ಲ, ರಾತ್ರಿ ಊಳಿಡುತ್ತದೆ, ಮಕ್ಕಳನ್ನು ಕಂಡು ಗುರುಗುಟ್ಟಿತು ಎಂಬ ಕಾರಣಗಳನ್ನು ಕೊಡುತ್ತಾರೆ. ಇವು ಯಾವುವೂ ಕೆಟ್ಟ ನಾಯಿಯ ಲಕ್ಷಣಗಳಲ್ಲ, ಹೆದರಿದ ನಾಯಿಯ ಲಕ್ಷಣಗಳು.

ನಾಯಿ ಸಾಕಿ ಬಲ್ಲವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವೊಂದನ್ನು ಹೇಳುತ್ತಾರೆ. ಮೊದಲ ಮೂರು ದಿನ ಅದಕ್ಕೆ ದಿಕ್ಕೇ ತೋಚುವುದಿಲ್ಲ. ಮೂರು ವಾರಗಳಲ್ಲಿ ಮನೆಯ ರೀತಿ ತಿಳಿಯುತ್ತದೆ. ಇದು ನನ್ನ ಮನೆ ಎಂಬ ಭರವಸೆ ಮೂಡಲು ಮೂರು ತಿಂಗಳು ಬೇಕು. ಎಲ್ಲ ನಾಯಿಗಳಿಗೂ ಈ ಲೆಕ್ಕ ಒಂದೇ ತೆರನಾಗಿ ಹೊಂದುವುದಿಲ್ಲವಾದರೂ ತಾಳ್ಮೆಯ ಅಳತೆ ಎಷ್ಟಿರಬೇಕೆಂಬುದು ಇದರಿಂದ ತಿಳಿಯುತ್ತದೆ. ನಮ್ಮ ಮನೆಯ ಹೆಣ್ಣುನಾಯಿಯೂ ಬಂದ ಹೊಸದರಲ್ಲಿ ಮಂಚದ ಕೆಳಗಿನಿಂದ ಹೊರಗೆ ಬರುತ್ತಿರಲಿಲ್ಲ. ಅಂಥ ದಿನಗಳಲ್ಲಿ ಗದ್ದಲವಿಲ್ಲದ ಒಂದು ಮೂಲೆ, ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಊಟ ನೀರು, ಎದ್ದೊಡನೆ ಮತ್ತು ಉಂಡ ಮೇಲೆ ಹೊರಗೆ ಕರೆದೊಯ್ಯುವ ರೂಢಿ ಇಷ್ಟಿದ್ದರೆ ಸಾಕು. ನೆಂಟರಿಷ್ಟರನ್ನು ಕರೆದು ತೋರಿಸುವುದನ್ನು, ಮಕ್ಕಳು ಅಪ್ಪಿಕೊಳ್ಳುವುದನ್ನು ಮುಂದಕ್ಕೆ ಹಾಕಬೇಕು. ಬಾಲ ಮುದುಡುವುದು, ಪದೇ ಪದೇ ತುಟಿ ನೆಕ್ಕುವುದು, ನಿದ್ರೆಯಿಲ್ಲದೆಯೂ ಆಕಳಿಸುವುದು ಭಯದ ಗುರುತುಗಳು. ಗುರುಗುಟ್ಟುವುದು ಹತ್ತಿರ ಬರಬೇಡಿ ಎಂಬ ಎಚ್ಚರಿಕೆ; ಅದಕ್ಕಾಗಿ ಹೊಡೆದರೆ ನಾಯಿ ಎಚ್ಚರಿಸುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಓಡಿಹೋದೀತೆಂದು ಹಗಲಿಡೀ ಗೇಟಿಗೆ ಸರಪಳಿ ಹಾಕಿ ಕಟ್ಟುವವರೂ ಇದ್ದಾರೆ. ನಾಯಿಯನ್ನು ಅಡ್ಡಾಡಿಸದೆ ಸದಾ ಕಟ್ಟಿಹಾಕುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಕ್ರೌರ್ಯವೇ ಆಗಿದೆ.

ಆರೋಗ್ಯದ ವಿಷಯದಲ್ಲಿ ಮಾತ್ರ ತಡಮಾಡುವಂತಿಲ್ಲ. ಮನೆಗೆ ತರುವ ಮೊದಲೇ ಪಶುವೈದ್ಯರಿಗೆ ತೋರಿಸಿ, ಜಂತುಹುಳು ಮತ್ತು ಉಣ್ಣೆಗೆ ಔಷಧಿ ಕೊಡಿಸಬೇಕು. ಮರಿಗೆ ಮೂರು ತಿಂಗಳು ತುಂಬುತ್ತಿದ್ದಂತೆ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮರುಲಸಿಕೆ ಕೊಡಿಸಬೇಕು. ನಾಯಿಯ ಹಲ್ಲು ತಾಗಿದರೂ ಉಗುರು ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಜೀವ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಒಂದು ಮಾತು ಹೇಳಬೇಕು. ಇಲ್ಲಿ ದ್ರಾಕ್ಷಿ ಬೆಳೆಯುವ, ಮಣೂಕ ಒಣಗಿಸುವ ಮನೆಗಳು ಬಹಳ. ಪ್ರೀತಿಯಿಂದ ಒಂದು ಹಿಡಿ ಒಣದ್ರಾಕ್ಷಿ ಹಾಕಿದರೂ ನಾಯಿಯ ಮೂತ್ರಪಿಂಡ ಕೆಡಬಹುದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯವೂ ಅದಕ್ಕೆ ಸಲ್ಲದು. ಸಪ್ಪೆ ರೊಟ್ಟಿ, ಅನ್ನ, ಬೇಯಿಸಿದ ತತ್ತಿ ಕೊಡಬಹುದು. ಬೇಸಿಗೆಯಲ್ಲಿ ಇಲ್ಲಿನ ತಾಪ 40 ಡಿಗ್ರಿ ದಾಟುವುದರಿಂದ ಮಧ್ಯಾಹ್ನ ಡಾಂಬರು ರಸ್ತೆಯಲ್ಲಿ ನಡೆಸಿದರೆ ಅಂಗಾಲು ಸುಡುತ್ತದೆ. ದೀಪಾವಳಿಯ ಪಟಾಕಿಗೆ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ಸದ್ದಿಗೆ ಬೆದರಿ ಹೊಸ ನಾಯಿ ಗೋಡೆ ಹಾರಿ ಓಡಿದರೆ ಮರಳುವ ದಾರಿ ಅದಕ್ಕೆ ಗೊತ್ತಿರುವುದಿಲ್ಲ. ಆ ರಾತ್ರಿಗಳಲ್ಲಿ ಒಳಕೋಣೆಯಲ್ಲಿರಿಸಿ ಯಾರಾದರೊಬ್ಬರು ಜೊತೆಗಿರಬೇಕು. ಕೊರಳಪಟ್ಟಿಯ ಮೇಲೆ ಮನೆಯ ಫೋನ್ ಸಂಖ್ಯೆ ಬರೆದಿರಬೇಕು.

ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿತು. ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ. ನಾಯಿಯನ್ನು ಬಲ್ಲ ಜನ, ಬಲ್ಲ ವೈದ್ಯರು ನಮ್ಮ ಸುತ್ತಲೇ ಇರುವಾಗ ಮಹಾನಗರ ಪಾಲಿಕೆಯು ಅವರ ನೆರವು ಪಡೆಯಬೇಕು. ದತ್ತು ಕೊಡುವ ಪ್ರತಿ ನಾಯಿಯ ಜೊತೆ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ದಿನಾಂಕ ನಮೂದಿಸಿದ ಚೀಟಿ, ಸಾಕುವ ಕ್ರಮವನ್ನು ಸರಳ ಕನ್ನಡದಲ್ಲಿ ತಿಳಿಸುವ ಕರಪತ್ರ, ಮೊದಲ ಮೂರು ತಿಂಗಳು ಸಂಶಯ ಕೇಳಲು ಒಂದು ಫೋನ್ ಸಂಖ್ಯೆ ಕೊಡುವುದು ಹೆಚ್ಚು ಖರ್ಚಿನ ಕೆಲಸವೇನಲ್ಲ. ಸಾಕಲಾಗದೆ ಹೋದವರು ನಾಯಿಯನ್ನು ಊರ ಹೊರಗೆ ಬಿಟ್ಟುಬರುವ ಬದಲು ಎಲ್ಲಿಗೆ ತಂದೊಪ್ಪಿಸಬೇಕು ಎಂಬುದನ್ನೂ ಆ ಚೀಟಿಯಲ್ಲೇ ಸ್ಪಷ್ಟವಾಗಿ ಬರೆದಿರಬೇಕೆಂದು ಪಾಲಿಕೆಯ ಆಯುಕ್ತರಲ್ಲಿ ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ವಿಜಯಪುರ