ಫೋಟೊದಲ್ಲಿದ್ದದ್ದು ಪಲ್ಯದ ಬೀಟ್ರೂಟ್

ಮಾನ್ಯರೇ,

ನಮ್ಮ ಬೈಲಿನಲ್ಲಿ ನಡೆದ ಸಕ್ಕರೆ ಬೀಟ್ ಕ್ಷೇತ್ರೋತ್ಸವದ ವರದಿಯನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿದೆ. ಫೋಟೊ ಚೆನ್ನಾಗಿ ಬಂದಿದೆ. ಆದರೆ ಗಣ್ಯರು ಎತ್ತಿ ಹಿಡಿದ ಗಡ್ಡೆ ಕೆಂಪಗಿದೆಯಲ್ಲ, ಅದು ಸಂತೆಯಿಂದ ತಂದ ಪಲ್ಯದ ಬೀಟ್ರೂಟ್! ಸಕ್ಕರೆ ತೆಗೆಯುವ ಈ ಬೀಟ್ ಬಿಳಿ, ಮೂಲಂಗಿಯ ದೊಡ್ಡಣ್ಣನ ಹಾಗಿರುತ್ತದೆ. ಗದ್ದೆಯಲ್ಲಿ ಎತ್ತಿ ತೋರಿಸುವಂಥದ್ದು ಒಂದೂ ಇರಲಿಲ್ಲ, ಪಾಪ, ಅವರಾದರೂ ಏನು ಮಾಡಿಯಾರು?

ಹತ್ತಕ್ಕೆ ಬನ್ನಿ ಎಂದಿದ್ದರು. ಗಣ್ಯರು ಬಂದದ್ದು ಒಂದೂವರೆಗೆ. ಶಾಮಿಯಾನ ವೇದಿಕೆಗೆ ಮಾತ್ರ, ನಮಗೆ ಬಿಸಿಲು. ಅತ್ತ ಅಡಿಕೆ ಸುಲಿಯಲು ಬಂದವರು ಕಾದು ಮನೆಗೆ ಹೋದರು, ದಿನದ ಸಂಬಳ ಕೊಟ್ಟದ್ದು ನಾನು. ಸಾಲದ್ದಕ್ಕೆ ಜನರೇಟರ್ ತಂದ ಲಾರಿ ನನ್ನ ಗದ್ದೆಯ ಹುಣಿ (ಬದು) ಒಡೆದು ಹೋಯಿತು.

ನವೆಂಬರಿನಲ್ಲಿ ಭತ್ತದ ಕೊಯ್ಲಾದ ಮೇಲೆ ಉತ್ಸವ ನಡೆಸಿದ ಕಚೇರಿಯವರು ಬೀಜ ಕೊಟ್ಟು "ನೇಜಿ (ಸಸಿ) ಮಾಡಿ ನೆಡಿ" ಎಂದರು. ಕಿತ್ತು ನೆಟ್ಟರೆ ತಾಯಿಬೇರು ಕವಲೊಡೆಯುತ್ತದೆ. ಅವರೇ ಹಂಚಿದ ಕರಪತ್ರದಲ್ಲಿ ನೇರ ಬಿತ್ತನೆ, ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬಂದರೆ ಒಂದನ್ನುಳಿಸಿ ಬಾಕಿಯದ್ದು ಕೀಳಿ ಎಂದೇ ಇದೆ. ಕೊಟ್ಟವರು ಓದಿರಲಿಲ್ಲ. ನನಗೆ ಸಿಕ್ಕಿದ್ದು ಶುಂಠಿಯ ಹಾಗೆ ನಾಲ್ಕು ಕಾಲಿನ ಬೇರು. ದನ ಖುಷಿಯಲ್ಲಿ ತಿಂದಿತು.

ಈ ಬೆಳೆಗೆ ಬೇಕಾದ ಮಣ್ಣಿನ ರಸಸಾರ (pH) 6.5ರಿಂದ 7.5. ನಮ್ಮದೋ, ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಗೆ ತೊಳೆದು ಹುಳಿಯಾದ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು. ಪರೀಕ್ಷೆಗೆ ಎರಡು ಸಲ ಮಣ್ಣು ಕೊಟ್ಟೆ, ಫಲಿತಾಂಶ ಇವತ್ತಿಗೂ ಇಲ್ಲ. ಸುಣ್ಣ ಎಷ್ಟು ಹಾಕಲಿ ಎಂದರೆ "ಸ್ವಲ್ಪ" ಎಂದರು. ವೀಳ್ಯದೆಲೆಗೆ ಹಚ್ಚುವುದಕ್ಕಾ?

ಸಮುದ್ರದ ಉಪ್ಪುನೀರು ಒಳಗೆ ಬಾರದ ಹಾಗೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ಎಂದು ಪ್ರತಿವರ್ಷ ಬೇಡುತ್ತೇವೆ. ಈ ಸಲವೂ ಹಾಕಿದ್ದು ಉಪ್ಪುನೀರು ಗದ್ದೆಗೆ ನುಗ್ಗಿದ ಮೇಲೆ. ಕೇಳಿದರೆ "ಬೀಟ್ ಉಪ್ಪು ತಡೆಯುತ್ತದಲ್ಲ" ಎಂಬ ಉತ್ತರ. ತಡೆಯುತ್ತದೆ ಸ್ವಾಮಿ, ಬೆಳೆದ ಮೇಲೆ! ಮೊಳಕೆಗೆ ಎಲ್ಲಿಯ ತಾಕತ್ತು? ಹಿಂದೆ ಪಂಪ್‌ಸೆಟ್ ಸಬ್ಸಿಡಿಗೆ ನನ್ನನ್ನು ಹನ್ನೊಂದು ಸಲ ಓಡಿಸಿದ್ದೂ ಇದೇ ಕಚೇರಿ. ಹನ್ನೊಂದನೆಯ ಸಲ ಫೈಲೇ ಇಲ್ಲ ಎಂದರು.

ಬೆಳೆದರೂ ಕೊಡುವುದು ಯಾರಿಗೆ? ಬಾಗಿಲು ಹಾಕಿದ ಬ್ರಹ್ಮಾವರದ ಸಕ್ಕರೆ ಕಾರ್ಖಾನೆಯ ಕಥೆ ಊರಿಗೇ ಗೊತ್ತು. ಅದು ನಡೆಯುತ್ತಿದ್ದರೂ ಕಬ್ಬು ಅರೆಯುವಲ್ಲಿ ಬೀಟ್ ಅರೆಯಲಾಗದು. ಹೋಳು ಮಾಡಿ ಬಿಸಿನೀರಿನಲ್ಲಿ ಸಕ್ಕರೆ ಇಳಿಸುವ ಯಂತ್ರವೇ ಬೇರೆ.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಲಿ. ಪರಿಹಾರ ಕೊಡಿ, ಇಲ್ಲವೇ ಇಂಥ ಉತ್ಸವ ನಿಲ್ಲಿಸಿ, ಅದೂ ಆಗದಿದ್ದರೆ ಹಲಗೆಯನ್ನಾದರೂ ಹೊತ್ತಿಗೆ ಸರಿಯಾಗಿ ಹಾಕಿ. ಮುಂದಿನ ಫೋಟೊಕ್ಕೆ ಬಿಳಿ ಗಡ್ಡೆ ತನ್ನಿ, ಮೂಲಂಗಿಯಾದರೂ ಸರಿ.

– ಒಬ್ಬ ಕೃಷಿಕ, ಬಾರ್ಕೂರು